ಅಷ್ಟರೊಳಗೆ ಕರ್ತನು ಬಂದಿರುತ್ತಾನಲ್ಲ?

ಕರ್ತನಾದ ಯೇಸು ಬರುತ್ತಾನೆ. ನಾನೂ ಅದನ್ನೇ ನಂಬುತ್ತೇನೆ. ಸತ್ತವರಿಗೂ ಬದುಕಿರುವವರಿಗೂ ನ್ಯಾಯತೀರಿಸಲು ಆತನು ಮತ್ತೆ ಬರುತ್ತಾನೆ ಅಂತ ಭಾನುವಾರ ಎಲ್ಲರ ಜೊತೆ ಎದ್ದು ನಿಂತು ಹೇಳುವಾಗ ನಾನು ಸುಮ್ನೆ ತುಟಿ ಆಡಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದರೆ ನನ್ನ ಕಾದಂಬರಿ ನಡೆಯುವುದು 9412ನೇ ಇಸವಿಯಲ್ಲಿ ಅಂತ ಕೇಳಿದ ಕೂಡಲೇ ಜನ ಕಥೆಯನ್ನು ಬಿಟ್ಟು ನನ್ನ ನಂಬಿಕೆಯನ್ನು ತಕ್ಕಡಿಗೆ ಹಾಕುತ್ತಾರೆ.

ಪ್ರಶ್ನೆ ನಾನಾ ರೂಪದಲ್ಲಿ ಬರುತ್ತದೆ. "ಏಳು ಸಾವಿರ ವರ್ಷ ಮುಂದಿನದ್ದು ಬರೀತೀರಲ್ಲ, ಬೈಬಲಿನ ಕೊನೆಯ ಪುಸ್ತಕ ಪ್ರಕಟನೆ ಓದಿಲ್ವಾ?" "ಎರಡನೇ ಬರೋಣ ಇಲ್ಲ ಅಂತ ಹೇಳಬೇಕು ಅಂತಾನಾ?" "ಕ್ರೈಸ್ತರಿಗೆ ಯಾಕೆ ಈ ಸೈನ್ಸ್ ಫಿಕ್ಷನ್?" ಕೇಳುವುದರ ಬಗ್ಗೆ ನನಗೆ ಬೇಸರವಿಲ್ಲ. ಕೇಳುವ ಧಾಟಿಯ ಬಗ್ಗೆ ಇದೆ. "ಬಂದಿರುತ್ತಾನಾ?" ಅಂತ ಕೇಳಿದರೆ ಅದು ಪ್ರಶ್ನೆ. "ಬಂದಿರುತ್ತಾನಲ್ಲ?" ಅಂದರೆ ಉತ್ತರ ಅವರ ಹತ್ತಿರ ಆಗಲೇ ಇದೆ, ನಾನು ತಲೆ ತಗ್ಗಿಸಿ ಹೌದು ಅನ್ನಬೇಕು, ಅಷ್ಟೇ.

ಮೊದಲ ಸಲ ಇದನ್ನು ಕೇಳಿದ್ದು ಪುಸ್ತಕ ಅಚ್ಚಾಗಿ ಬಂದ ವಾರ. ಆರಾಧನೆ ಮುಗಿದಿತ್ತು. ಸಭೆಯ ಹಿರಿಯರೊಬ್ಬರಿಗೆ ಒಂದು ಪ್ರತಿ ಕೊಟ್ಟೆ. ಚಿಕ್ಕಂದಿನಲ್ಲಿ ನನಗೆ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದವರು ಅವರು. ನೋಹನ ನಾವೆಯ ಉದ್ದ ಅಗಲವನ್ನು ನೆಲದ ಮೇಲೆ ಹೆಜ್ಜೆ ಹಾಕಿ ಅಳೆದು ತೋರಿಸಿದವರು. ಕನ್ನಡಕವನ್ನು ಹಣೆಗೆ ಏರಿಸಿಕೊಂಡು, ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಮೊದಲ ಪುಟ ತೆರೆದರು. ಮೊದಲ ಸಾಲಿನಲ್ಲೇ ಇಸವಿ ಇದೆ. ಅವರ ತೋರುಬೆರಳು ಅಲ್ಲೇ ನಿಂತಿತು. ಉಗುರಿನಿಂದ ಎರಡು ಸಲ ತಟ್ಟಿದರು. "ಏನಮ್ಮಾ ಇದು, ಅಷ್ಟರೊಳಗೆ ಕರ್ತನು ಬಂದಿರ್ತಾನಲ್ಲ?" ಸುತ್ತ ನಿಂತವರು ನಕ್ಕರು. ಅವರು ಪುಸ್ತಕ ಮುಚ್ಚಿ, ವಾಪಸ್ ನನ್ನ ಕೈಗೇ ಕೊಟ್ಟು, ತಲೆ ಸವರಿ ಹೊರಟುಹೋದರು. ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ತಲೆ ಸವರಿದವರಿಗೆ ಏನು ಹೇಳೋದು? ಆ ಪ್ರತಿ ಇವತ್ತಿಗೂ ನನ್ನ ಹತ್ತಿರ ಇದೆ. 9412ರ ಕೆಳಗೆ ಉಗುರಿನ ಗೆರೆಯೂ ಇದೆ.

ಅವತ್ತು ಹೇಳದೆ ಉಳಿದದ್ದನ್ನು ಈಗ ಹೇಳುತ್ತೇನೆ.

ಆ ದಿನ, ಆ ಗಳಿಗೆ ತಂದೆಯೊಬ್ಬನಿಗೆ ಹೊರತು ಯಾರಿಗೂ ಗೊತ್ತಿಲ್ಲ ಅಂತ ಮತ್ತಾಯ 24:36ರಲ್ಲಿ ಇದೆ. ಇದು ಎಲ್ಲರಿಗೂ ಬಾಯಿಪಾಠ. ಆದರೂ "9412ರೊಳಗೆ ಖಂಡಿತ ಬಂದಿರುತ್ತಾನೆ" ಅನ್ನುವಾಗ ತಾವೂ ಒಂದು ಗಡುವು ಹೇಳುತ್ತಿದ್ದೇವೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಆತನು ನಾಳೆ ಬರಬಹುದು. ನಾನು ಈ ಸಾಲು ಮುಗಿಸುವುದರೊಳಗೆ ಬರಬಹುದು. ಹತ್ತು ಸಾವಿರ ವರ್ಷ ಬಿಟ್ಟೂ ಬರಬಹುದು. ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅಂತಲೇ ಅರ್ಥ, "ಬೇಗ" ಅಂತಲ್ಲ.

ಗಡುವು ಇಟ್ಟವರ ಕಥೆಯೂ ನಮಗೆ ಗೊತ್ತು. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ಬೋಧಕರ ಮಾತು ನಂಬಿದ ಸಾವಿರಾರು ಜನ 1844ರ ಅಕ್ಟೋಬರ್ 22ಕ್ಕೆ ಕಾದು ಕೂತಿದ್ದರು. ಕೆಲವರು ಆ ವರ್ಷದ ಬೆಳೆಯನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟಿದ್ದರು. ಮಾರನೇ ದಿನವೂ ಸೂರ್ಯ ಹುಟ್ಟಿದ. ಅವರನ್ನು ನೋಡಿ ನಗುವುದು ನನ್ನಿಂದ ಆಗುವುದಿಲ್ಲ. ಅವರಿಗೆ ಇದ್ದ ಆಸೆ ನನಗೂ ಇದೆ. ಆದರೆ ಕೊಯ್ಯದೆ ಬಿಟ್ಟ ಆ ಹೊಲ ಕಣ್ಣಿಗೆ ಕಟ್ಟುತ್ತದೆ. ಅದು ಕಾಯುವುದಲ್ಲ.

ಕಾಯುವುದು ಹೇಗಿರುತ್ತದೆ ಅಂತ ನನಗೆ ತೋರಿಸಿದ್ದು ಜರ್ಮನಿಯ ಕಲೋನ್ ಊರಿನ ದೊಡ್ಡ ದೇವಾಲಯ. ಅದಕ್ಕೆ ಅಡಿಗಲ್ಲು ಹಾಕಿದ್ದು 1248ರಲ್ಲಿ. ಕೆಲಸ ಮುಗಿದದ್ದು 1880ರಲ್ಲಿ. ಲೆಕ್ಕ ಹಾಕಿ, 632 ವರ್ಷ. ನಡುವೆ ಕೆಲಸ ನಿಂತೇಹೋಗಿತ್ತು. ಅರ್ಧಕ್ಕೆ ನಿಂತ ದಕ್ಷಿಣ ಗೋಪುರದ ತುದಿಯಲ್ಲಿ ಕಲ್ಲು ಎತ್ತುವ ಮರದ ಕ್ರೇನ್ ಒಂದು ಸುಮಾರು 400 ವರ್ಷ ಹಾಗೇ ನಿಂತಿತ್ತು. ಅದನ್ನು ಇಳಿಸಿದ್ದು 1868ರಲ್ಲಿ. ಆ ಊರಿನಲ್ಲಿ ಹುಟ್ಟಿದ ಮಗು, ಅದರ ಅಜ್ಜ, ಆ ಅಜ್ಜನ ಅಜ್ಜ, ಎಲ್ಲರೂ ತಲೆ ಎತ್ತಿದರೆ ಅದೇ ಕ್ರೇನ್. ಇದೇ ಜನ ದಿನಾ "ನಿನ್ನ ರಾಜ್ಯವು ಬರಲಿ" ಅಂತ ಪ್ರಾರ್ಥಿಸುತ್ತಿದ್ದವರು. 1248ರಲ್ಲಿ ಅಡಿಗಲ್ಲು ಹಾಕಿದವರಿಗೆ ಯಾರಾದರೂ "ಇದು ಮುಗಿಯುವುದರೊಳಗೆ ಕರ್ತನು ಬಂದಿರ್ತಾನಲ್ಲ" ಅಂತ ಹೇಳಿ ತಲೆ ಸವರಿದ್ದರೋ ಏನೋ. ಹೇಳಿದ್ದರೂ ಅವರು ಕಲ್ಲು ಇಟ್ಟರು.

ನನ್ನ ಪುಸ್ತಕ ಹುಟ್ಟಿದ್ದು ಈ 632 ಎಂಬ ಸಂಖ್ಯೆಯಿಂದ. ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟೌರಿ. 4.24 ಜ್ಯೋತಿರ್ವರ್ಷ ದೂರ, ಅಂದರೆ ಅಲ್ಲಿಗೆ ಹೋಗಲು ಬೆಳಕಿಗೇ 4.24 ವರ್ಷ ಬೇಕು. ವಾಯೇಜರ್ 1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ. ಆ ವೇಗದಲ್ಲಿ ಅಷ್ಟು ದೂರ ಹೋಗಲು ಹತ್ತಿರ ಹತ್ತಿರ 75,000 ವರ್ಷ ಬೇಕು. ಬೆಳಕಿನ ವೇಗದ ನೂರರಲ್ಲಿ ಒಂದು ಪಾಲು, ಅಂದರೆ ಸೆಕೆಂಡಿಗೆ 3,000 ಕಿಲೋಮೀಟರ್ ಓಡುವ ಹಡಗನ್ನು ಯಾವತ್ತಾದರೂ ಕಟ್ಟಿದರೆ 424 ವರ್ಷ. ಒಂದು ರಾತ್ರಿ ಈ ಲೆಕ್ಕ ಹಾಕುತ್ತಾ ಕೂತಾಗ ಪೆನ್ನು ಕೆಳಗಿಟ್ಟೆ. 424! ಕಲೋನಿನವರು ಇದಕ್ಕಿಂತ 208 ವರ್ಷ ಜಾಸ್ತಿ ಕಾದಿದ್ದಾರೆ. ಹೊರಟವರು ತಲುಪುವುದಿಲ್ಲ, ತಲುಪುವವರು ಹೊರಟವರನ್ನು ನೋಡಿರುವುದಿಲ್ಲ, ನಡುವೆ ಹುಟ್ಟಿ ನಡುವೆಯೇ ಸಾಯುವವರಿಗೆ ಹಡಗಿನ ಗೋಡೆ ಬಿಟ್ಟರೆ ಬೇರೆ ಊರಿಲ್ಲ, ಆದರೂ ಇಂಥ ಬಾಳನ್ನು ಬಾಳಿದವರು ಈ ಭೂಮಿಯ ಮೇಲೆ ಆಗಲೇ ಇದ್ದರು, ಅದೂ ನಮ್ಮವರೇ. ಹಾಗೆ ಹುಟ್ಟಿತು ನನ್ನ ಹಡಗು. ಅದು 9100ರಲ್ಲಿ ಹೊರಡುತ್ತದೆ. ಕಥೆ ಶುರುವಾಗುವಾಗ 312 ವರ್ಷ ಆಗಿದೆ.

ಈಗ, ಯಾರೂ ಕೇಳದ ಪ್ರಶ್ನೆ. ಒಬ್ಬರಾದರೂ ಕೇಳಲಿ ಅಂತ ಕಾದು ಕಾದು ಸಾಕಾಗಿ ನಾನೇ ಕೇಳಿಕೊಳ್ಳುತ್ತಿದ್ದೇನೆ: ಆ ಹಡಗು ನಡುದಾರಿಯಲ್ಲಿ ಇರುವಾಗಲೇ ಕರ್ತನು ಬಂದರೆ, ಹಡಗಿನವರಿಗೆ ಗೊತ್ತಾಗುವುದು ಯಾವಾಗ?

ಯೋಚನೆ ಮಾಡಿ. 312 ವರ್ಷದಲ್ಲಿ ಹಡಗು ಭೂಮಿಯಿಂದ ಮೂರು ಜ್ಯೋತಿರ್ವರ್ಷಕ್ಕಿಂತ ಸ್ವಲ್ಪ ಹೆಚ್ಚು ದೂರ ಹೋಗಿರುತ್ತದೆ. ಭೂಮಿಯಿಂದ ಬರುವ ಯಾವ ಸುದ್ದಿಯೂ ಮೂರು ವರ್ಷ ಹಳೆಯದು. ಅಲ್ಲಿ ಹುಟ್ಟಿದ ಮಗುವಿನ ಸುದ್ದಿ ಇಲ್ಲಿಗೆ ಬರುವಾಗ ಆ ಮಗು ನಡೆದಾಡುತ್ತಿರುತ್ತದೆ. ಮನುಷ್ಯಕುಮಾರನ ಬರೋಣವು ಮೂಡಣದಿಂದ ಪಡುವಣದವರೆಗೆ ಹೊಳೆಯುವ ಮಿಂಚಿನ ಹಾಗೆ ಇರುತ್ತದೆ ಅಂತ ಮತ್ತಾಯ 24:27 ಹೇಳುತ್ತದೆ. ಮಿಂಚು ಬೆಳಕು ತಾನೇ? ಬೆಳಕಿಗೆ ವೇಗ ಇದೆ. ಹಾಗಾದರೆ ಆ ಮಿಂಚು ನನ್ನ ಹಡಗನ್ನು ಮುಟ್ಟಲು ಮೂರು ವರ್ಷ ಬೇಕಾ? ಅಥವಾ ಪ್ರಕಟನೆ 1:7 ಹೇಳುವ ಹಾಗೆ ಎಲ್ಲರ ಕಣ್ಣುಗಳೂ ಆತನನ್ನು ಕಾಣುತ್ತವೆ ಅಂದರೆ, ಅಷ್ಟು ದೂರದ ಕಣ್ಣುಗಳೂ ಅದೇ ಗಳಿಗೆಯಲ್ಲಿ ಕಾಣುತ್ತವಾ?

ನನ್ನ ಕಾದಂಬರಿಯ ಜಗಳ ಪೂರ್ತಿ ಇದೇ. ಹಡಗಿನ ಸಭೆ ಎರಡಾಗಿದೆ. ಒಂದು ಪಂಗಡದವರು ರೇಡಿಯೋ ಹತ್ತಿರ ಸರದಿಯ ಮೇಲೆ ಕೂರುತ್ತಾರೆ. ಹಗಲೂ ರಾತ್ರಿ. ಕರ್ತನು ಆಗಲೇ ಬಂದಿರಬಹುದು, ಸುದ್ದಿ ದಾರಿಯಲ್ಲಿರಬಹುದು ಅಂತ ಅವರ ನಂಬಿಕೆ. ಇನ್ನೊಂದು ಪಂಗಡದವರಿಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಬೆಳಕನ್ನು ಉಂಟುಮಾಡಿದಾತನು ಬೆಳಕಿಗಾಗಿ ಕಾಯುತ್ತಾನಾ ಅಂತ ಅವರ ವಾದ. ನಾನು ಯಾವ ಕಡೆ ಅಂತ ಪುಸ್ತಕದಲ್ಲಿ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಆದರೆ ಎರಡನೇ ಬರೋಣವನ್ನು ಕೈಬಿಟ್ಟಿದ್ದೀಯ ಅಂತ ನನ್ನನ್ನು ಕೇಳುತ್ತಾರಲ್ಲ, ಅವರು ಐದನೇ ಪುಟದವರೆಗೆ ಓದಿದ್ದರೂ ಸಾಕಿತ್ತು. ಆ ಪುಸ್ತಕದಲ್ಲಿ ಅದು ಬಿಟ್ಟರೆ ಬೇರೆ ಏನೂ ಇಲ್ಲ.

ಬಾಹ್ಯಾಕಾಶ, ರಾಕೆಟ್ಟು, ಇದರಲ್ಲಿ ದೇವರಿಗೆ ಜಾಗ ಎಲ್ಲಿ ಅಂತ ಕೇಳುವವರಿಗೂ ಒಂದು ಮಾತು. 1969ರ ಜುಲೈ 20ರಂದು ಚಂದ್ರನ ಮೇಲೆ ಇಳಿದ ಮೇಲೆ, ಇಬ್ಬರು ಗಗನಯಾತ್ರಿಗಳೂ ಇನ್ನೂ ಹೊರಗೆ ಕಾಲಿಡುವ ಮೊದಲು, ಬಜ್ ಆಲ್ಡ್ರಿನ್ ನೌಕೆಯೊಳಗೆ ಕರ್ತನ ರಾತ್ರಿ ಭೋಜನ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿನ ಪ್ರಸಾದ ತೆಗೆದುಕೊಂಡರು. ರೊಟ್ಟಿ, ದ್ರಾಕ್ಷಾರಸ, ತಮ್ಮ ಸಭೆಯವರು ಕೊಟ್ಟ ಪುಟ್ಟ ಬಟ್ಟಲು. ಅದಕ್ಕೂ ಮೊದಲು, 1968ರ ಕ್ರಿಸ್ಮಸ್ ಹಿಂದಿನ ರಾತ್ರಿ ಅಪೊಲೊ 8 ನೌಕೆಯವರು ಚಂದ್ರನನ್ನು ಸುತ್ತುತ್ತಾ ಬೈಬಲಿನ ಮೊದಲ ಪುಸ್ತಕ ಆದಿಕಾಂಡದಿಂದ ಓದಿದ್ದರು, ಅದರ ಮೇಲೆ ನಾಸಾ ವಿರುದ್ಧ ಮೊಕದ್ದಮೆ ನಡೆದಿತ್ತು. ಹಾಗಾಗಿ ಆಲ್ಡ್ರಿನ್ ರೇಡಿಯೋದಲ್ಲಿ ಎಲ್ಲರಿಗೂ ಒಂದು ಕ್ಷಣ ಮೌನವಾಗಿರಿ ಅಂತಷ್ಟೇ ಕೇಳಿಕೊಂಡರು. ಆಮೇಲೆ ಅವರು ಬರೆದದ್ದರಲ್ಲಿ ಒಂದು ಸಣ್ಣ ವಿವರ ಇದೆ. ಚಂದ್ರನ ಸೆಳೆತ ನಮ್ಮದರ ಆರನೇ ಒಂದು ಪಾಲು. ಅದಕ್ಕೆ ಸುರಿದ ದ್ರಾಕ್ಷಾರಸ ಬಟ್ಟಲಿನ ಗೋಡೆ ಹಿಡಿದು ನಿಧಾನಕ್ಕೆ ಮೇಲಕ್ಕೆ ಸುರುಳಿಯಾಗಿ ಏರಿತಂತೆ. ಇದನ್ನು ಓದಿದ ದಿನ ನಾನು ಎಷ್ಟೋ ಹೊತ್ತು ಖಾಲಿ ಲೋಟ ಹಿಡಿದುಕೊಂಡು ಕೂತಿದ್ದೆ. ಅದೇ ಭೋಜನ, ಅದೇ ಮಾತು, ಆದರೆ ರಸ ಬಟ್ಟಲಲ್ಲಿ ಬೇರೆ ಥರ ನಡೆದುಕೊಳ್ಳುತ್ತದೆ. ನಾನು ಬರೆಯುವುದು ಇದನ್ನೇ.

ಸ್ವಂತ ಖರ್ಚಿನಲ್ಲಿ ಯಾಕೆ ಹಾಕಿದಿರಿ ಅಂತಲೂ ಕೇಳುತ್ತಾರೆ. ಬೇಗ ಹೇಳಿ ಮುಗಿಸುತ್ತೇನೆ. ಕ್ರೈಸ್ತ ಪುಸ್ತಕ ತರುವ ಪ್ರಕಾಶಕರೊಬ್ಬರು ಇದರಲ್ಲಿ ವಿಜ್ಞಾನ ಜಾಸ್ತಿ ಅಂದರು. ವಿಜ್ಞಾನದ ಕಥೆ ತರುವವರು ದೇವರು ಜಾಸ್ತಿ ಅಂದರು. ಇಬ್ಬರೂ ಅರ್ಧ ತೆಗೆಯಿರಿ ಅಂದರು, ಬೇರೆ ಬೇರೆ ಅರ್ಧ. ಹಾಗಾಗಿ ನಾನೇ ಡಿಟಿಪಿ ಮಾಡಿಸಿ, ನಾನೇ ಐಎಸ್‌ಬಿಎನ್ ತೆಗೆದುಕೊಂಡು, ಬೇಕಾದಾಗ ಬೇಕಾದಷ್ಟೇ ಪ್ರತಿ ಅಚ್ಚು ಹಾಕುವ ಪ್ರಿಂಟ್ ಆನ್ ಡಿಮಾಂಡ್‌ನಲ್ಲಿ ತಂದೆ. ಕಷ್ಟ ಆಗಿದ್ದು ಹಣದ್ದಲ್ಲ. ಯೂನಿಕೋಡ್ ಕಡತವನ್ನು ಅಚ್ಚಿನ ಹಳೆಯ ಫಾಂಟಿಗೆ ಬದಲಿಸುವಾಗ ಅರ್ಕಾವತ್ತು ಎಲ್ಲ ಉದುರಿಹೋಗಿದ್ದವು. ಮೊದಲ ಕರಡು ತೆರೆದರೆ ಪುಟ ಪುಟದಲ್ಲೂ "ಕರ್ತನು" ಹೋಗಿ "ಕತನು" ಆಗಿತ್ತು. "ಪ್ರಾರ್ಥನೆ" "ಪ್ರಾಥನೆ" ಆಗಿತ್ತು. ಕೆಂಪು ಪೆನ್ನು ಹಿಡಿದು ಒಂದೊಂದನ್ನೇ ತಿದ್ದಿದೆ. ಹನ್ನೊಂದು ರಾತ್ರಿ ಹಿಡಿಯಿತು. ಆತನ ಹೆಸರನ್ನು ಅಷ್ಟು ಸಲ ಕೈಯಲ್ಲಿ ಸರಿಮಾಡಿದವಳಿಗೆ ಬರೋಣದ ಮೇಲೆ ನಂಬಿಕೆ ಇದೆಯಾ ಅಂತ ಕೇಳುತ್ತಾರೆ ನೋಡಿ, ಆಗ ಸಿಟ್ಟು ಬರುತ್ತದೆ.

ಇನ್ನು ಆ 9412. ಅದು ಬಾಯಿಗೆ ಬಂದ ಸಂಖ್ಯೆಯಲ್ಲ.

ಹಡಗಿನಲ್ಲಿ ವಸಂತವಿಲ್ಲ, ಹುಣ್ಣಿಮೆಯಿಲ್ಲ. ಆದರೆ ಈಸ್ಟರ್, ಅಂದರೆ ಯೇಸುವಿನ ಪುನರುತ್ಥಾನದ ಹಬ್ಬದ ಲೆಕ್ಕ ನಿಂತಿರುವುದೇ ಅವೆರಡರ ಮೇಲೆ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ, ಅದರ ನಂತರದ ಭಾನುವಾರ. ನನ್ನ ಹಡಗಿನವರು ಹಬ್ಬವನ್ನು ಹೇಗೆ ಆಚರಿಸುತ್ತಾರೆ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಸಭೆ ಲೆಕ್ಕಕ್ಕೆ ಹಿಡಿಯುವುದು ಆಕಾಶದ ಚಂದ್ರನನ್ನಲ್ಲ, ಕೋಷ್ಟಕದ ಚಂದ್ರನನ್ನು. 1582ರಲ್ಲಿ ಪೋಪ್ ಹದಿಮೂರನೇ ಗ್ರೆಗರಿ ಕ್ಯಾಲೆಂಡರ್ ತಿದ್ದಿಸಿದಾಗ ಅಕ್ಟೋಬರ್ 4ರ ಮಾರನೇ ದಿನವನ್ನು ಅಕ್ಟೋಬರ್ 15 ಅಂತ ಕರೆದರು. 400 ವರ್ಷಕ್ಕೆ 97 ಅಧಿಕ ವರ್ಷ ಅಂತ ಗೊತ್ತುಮಾಡಿದರು. ಅದರ ಜೊತೆ ಈಸ್ಟರ್ ಕೋಷ್ಟಕವನ್ನೂ ಹೊಸದಾಗಿ ಕಟ್ಟಿದರು. ಅವರೂ ಆತನು ಬರುತ್ತಾನೆ ಅಂತ ಕಾಯುತ್ತಿದ್ದವರೇ. ಆದರೂ ಅವರು ಕಟ್ಟಿದ ಲೆಕ್ಕಕ್ಕೆ ಕೊನೆಯ ವರ್ಷ ಅಂತ ಇಲ್ಲ. ಯಾವ ಇಸವಿ ಕೊಟ್ಟರೂ ಒಂದು ಭಾನುವಾರ ಹೇಳುತ್ತದೆ.

ನಾನು 9412 ಕೊಟ್ಟೆ. ಕೋಷ್ಟಕ ನಡೆಯುವುದು 19 ವರ್ಷದ ಸುತ್ತಿನಲ್ಲಿ, ಹಾಗಾಗಿ 19ರಿಂದ ಭಾಗಿಸಿದರೆ ಶೇಷ 7. ಕೋಷ್ಟಕದ ಹುಣ್ಣಿಮೆ ಮಾರ್ಚ್ 30, ಸೋಮವಾರ. ಹಬ್ಬ ಅದರ ನಂತರದ ಭಾನುವಾರ. ಕಾದಂಬರಿಯಲ್ಲಿ ಒಬ್ಬ ಅಜ್ಜಿ ಇದೇ ಲೆಕ್ಕವನ್ನು ಕಾಗದದ ಮೇಲೆ ಮಾಡುತ್ತಾಳೆ, ಕಂಪ್ಯೂಟರ್ ಪಕ್ಕದಲ್ಲೇ ಇದ್ದರೂ. ಬೆರಳು ಮಡಿಸಿ ಎಣಿಸುತ್ತಾಳೆ. ಅವಳ ಅಮ್ಮ ಹಾಗೆ ಕಲಿಸಿದ್ದಳು.

ಎರಡನೇ ಮುದ್ರಣಕ್ಕೆ ಮೊದಲ ಸಾಲನ್ನು ಸ್ವಲ್ಪ ಉದ್ದ ಮಾಡಿದ್ದೇನೆ. ಈಗ ಬರೀ ಇಸವಿ ಇಲ್ಲ. "9412, ಏಪ್ರಿಲ್ 5, ಪುನರುತ್ಥಾನದ ಭಾನುವಾರ" ಅಂತ ಇದೆ. ಅರ್ಕಾವತ್ತು ಎಲ್ಲ ಜಾಗದಲ್ಲಿವೆ. ನನ್ನ ಸಂಡೇ ಸ್ಕೂಲ್ ಮೇಷ್ಟ್ರಿಗೆ ಅಂತ ಒಂದು ಪ್ರತಿ ಎತ್ತಿಟ್ಟಿದ್ದೇನೆ.