ಒಂದೇ ಲೇಸಿನ ಶೂ

ಬೆಳಿಗ್ಗೆ ಶೂ ಹಾಕಲು ಹೋದರೆ ಒಂದರಲ್ಲಿ ಲೇಸೇ ಇಲ್ಲ.

ಕಳ್ಳ ಯಾರು ಅಂತ ಗೊತ್ತು. 8 ತಿಂಗಳ ಬೆಕ್ಕು. ಆದರೆ ಕಳ್ಳ ನಿನ್ನೆ ಸಂಜೆಯೇ ಹೊಸ ಮನೆ ಸೇರಿದ್ದಾನೆ.

ನಮ್ಮ ಮುದಿ ಬೆಕ್ಕಿಗೆ ಇವನ ಆಟ ತಡೆಯಲು ಆಗುತ್ತಿರಲಿಲ್ಲ. ದಿನವಿಡೀ ಬೀರು ಮೇಲೆ ಕೂತು ಗುರ್ ಅನ್ನುತ್ತಿತ್ತು. ಅದರ ತಪ್ಪಲ್ಲ ಬಿಡಿ. ಬೆಳಗಿನ ಜಾವ ಯಾರಾದರೂ ಬಾಲಕ್ಕೆ ಬಾಯಿ ಹಾಕಿದರೆ ನನಗೂ ಸಿಟ್ಟು ಬರುತ್ತಿತ್ತು, ಬಾಲ ಇದ್ದಿದ್ದರೆ.

ಅಲ್ಲಿ ಇವನ ವಯಸ್ಸಿನದೇ ಇನ್ನೊಂದಿದೆ. ಮೊದಲು ಕೆಲವು ದಿನ ಬೇರೆ ಕೋಣೆಯಲ್ಲಿಡಿ, ಬಾಗಿಲ ಸಂದಿಯಲ್ಲೇ ಮೂಸಿಕೊಳ್ಳಲಿ ಅಂದೆ. ಅವನು ಮಲಗುವ ಟವೆಲನ್ನೂ ಕೊಟ್ಟೆ, ಒಗೆಯದೆ. ಪರಿಚಯದ ವಾಸನೆ ಇದ್ದರೆ ಹೆದರಿಕೆ ಕಡಿಮೆ ಅಲ್ವಾ. ದಾರ, ಲೇಸು ಸಿಗದಂತೆ ಇಡಿ, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತೆ ಅಂತ ದೊಡ್ಡದಾಗಿ ಉಪದೇಶ ಬೇರೆ!

ಮಧ್ಯಾಹ್ನ ಫೋಟೋ ಬಂತು. ಸೋಫಾ ಕೆಳಗಿನ ಕತ್ತಲಲ್ಲಿ ಎರಡು ಕಣ್ಣು, ಅಷ್ಟೇ. ಊಟ ಮಾತ್ರ ಖಾಲಿಯಂತೆ.

ಲೇಸು ಈಗ ಸಿಕ್ಕಿತು, ಫ್ರಿಜ್ ಹಿಂದೆ. ಪೂರ್ತಿ ಇದೆ, ಪುಣ್ಯಕ್ಕೆ. ತುದಿಯೊಂದು ಜಗಿದು ನಾರಾಗಿದೆ.

ಮುದಿ ಬೆಕ್ಕು ಬೀರುವಿನಿಂದ ಇಳಿದು ಬಂದು ಅದನ್ನೇ ಮೂಸುತ್ತಾ ಕೂತಿದೆ.