ಇಳಿದದ್ದು ಉಳಿಯಬೇಕಲ್ಲ

ಹೋದ ವಾರ ಜಮಖಂಡಿಯಿಂದ ತಂಗಿಯ ಮಗಳು ಫೋನ್ ಮಾಡಿದ್ದಳು. ಅವಳಿಗೂ ತೂಕ ಇಳಿಸುವ ಆಪರೇಷನ್ ಮಾಡಿಸಬೇಕು ಅಂತ ಗಟ್ಟಿಯಾಗಿದೆ, ಮುಂದಿನ ತಿಂಗಳು. "ದೊಡ್ಡವ್ವಾ, ಎಷ್ಟ್ ತಿಂಗಳಿಗೆ ಎಷ್ಟ್ ಕೆಜಿ ಇಳೀತದ ಹೇಳು" ಅಂದಳು. ಹೇಳಿದೆ. ಕೂದಲು ಉದುರ್ತಾವೇನು ಅಂದಳು. ಮೂರನೇ ತಿಂಗಳ ಸುಮಾರಿಗೆ ಉದುರುತ್ತವೆ, ಆಮೇಲೆ ಬರುತ್ತವೆ, ಹೆದರಬೇಡ ಅಂದೆ. ಅರ್ಧ ಗಂಟೆ ಮಾತಾಡಿದೆವು. ಫೋನ್ ಇಟ್ಟ ಮೇಲೆ ಹೊಳೆಯಿತು, ಐದನೇ ವರ್ಷದ ಬಗ್ಗೆ ನಾನು ಒಂದು ಮಾತೂ ಹೇಳಲಿಲ್ಲ. ಅವಳು ಕೇಳಲೂ ಇಲ್ಲ. 2016ರಲ್ಲಿ ನಾನೂ ಕೇಳಿರಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ, ಅವಳಿಗಾಗಿ, ಅವಳ ಹಾಗೆ ಹೊರಟಿರುವವರಿಗಾಗಿ.

ನನ್ನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಎತ್ತರ 158 ಸೆಂಟಿಮೀಟರ್. 2016ರ ಜೂನ್‌ನಲ್ಲಿ 118 ಕೆಜಿ ಇದ್ದೆ, ಜೊತೆಗೆ ಶುಗರ್ ಇತ್ತು. ಹುಬ್ಬಳ್ಳಿಯಲ್ಲಿ ಗ್ಯಾಸ್ಟ್ರಿಕ್ ಬೈಪಾಸ್, ಅಂದರೆ ಹೊಟ್ಟೆಯ ಬೈಪಾಸ್ ಆಪರೇಷನ್ ಆಯಿತು. 2017ರ ಡಿಸೆಂಬರ್‌ಗೆ 71. 2022ರ ಜನವರಿಗೆ 84. ಈಗ 76, ಎರಡು ವರ್ಷದಿಂದ ಅಲ್ಲೇ, ಒಂದು ಕೆಜಿ ಆಚೆ ಈಚೆ. ಈ 71ಕ್ಕೂ 84ಕ್ಕೂ ನಡುವೆ ಏನಾಯಿತು ಅನ್ನುವುದನ್ನೇ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನನಗೆ ಅದು ಗೊತ್ತಾದದ್ದು ಒಂದು ಕುಪ್ಪಸದಿಂದ. 2018ರಲ್ಲಿ ತಮ್ಮನ ಮದುವೆಗೆ ಗುಳೇದಗುಡ್ಡದ ಖಣ ತಂದು ಹೊಲಿಸಿದ್ದೆ, ಕಡು ಹಸಿರು, ಅಂಚು ಕೆಂಪು. ಹೊಲಿಯುವಾಕೆ ಒಳಗೆ ಎರಡೂ ಬದಿಗೆ ಒಂದೊಂದು ಇಂಚು ಬಟ್ಟೆ ಬಿಟ್ಟಿದ್ದಳು. "ಇದನ್ನ ಕತ್ತರಿಸಿಬಿಡವ್ವಾ, ಇನ್ನ ನನಗ ಬೇಕಾಗಂಗಿಲ್ಲ" ಅಂದಿದ್ದೆ. ಆಕೆ "ಇರ್ಲಿ ಬಿಡ್ರಿ ಟೀಚರ್" ಅಂತ ಹಾಗೇ ಬಿಟ್ಟಳು. 2022ರ ಸಂಕ್ರಾಂತಿಗೆ ಅದೇ ಕುಪ್ಪಸ, ಅದೇ ಇಳಕಲ್ ಸೀರೆ ತೆಗೆದೆ. ಖಣ ಎಳೆದರೆ ಹಿಗ್ಗುವ ಬಟ್ಟೆ ಅಲ್ಲ. ಕೆಳಗಿನ ಎರಡು ಹುಕ್ಕು ಹತ್ತಿದವು, ಮೂರನೆಯದು ಉಸಿರು ಬಿಗಿಹಿಡಿದರೆ ಹತ್ತಿತು, ಉಸಿರು ಬಿಟ್ಟರೆ ಬಿಚ್ಚಿಕೊಂಡಿತು. ಕಂಕುಳ ಹತ್ತಿರ ಹೊಲಿಗೆ ಎಳೆದು ನಿಂತು ದಾರದ ಒಂದೊಂದು ಗಂಟೂ ಕಾಣುತ್ತಿತ್ತು. ಮಂಚದ ಅಂಚಿಗೆ ಕೂತು ಅತ್ತುಬಿಟ್ಟೆ. ತೂಕದ ಮಷಿನ್ ಅದೇ ಮಂಚದ ಕೆಳಗೇ ಇತ್ತು. ಎರಡು ವರ್ಷದಿಂದ ಹೊರಗೆ ತೆಗೆದಿರಲಿಲ್ಲ.

ಹುಬ್ಬಳ್ಳಿಗೆ ತೋರಿಸಲು ಹೋಗುವುದನ್ನೂ ಬಿಟ್ಟು ಎರಡೂವರೆ ವರ್ಷವಾಗಿತ್ತು. ಲಾಕ್‌ಡೌನ್ ಒಂದು ಕಾರಣ, ನಿಜ. ಆದರೆ ಅದು ಮುಗಿದ ಮೇಲೂ ಹೋಗಲಿಲ್ಲ. ನಾಚಿಕೆ. ಅಷ್ಟು ದುಡ್ಡು ಖರ್ಚು ಮಾಡಿ, ಮನೆಯವರನ್ನೆಲ್ಲ ಒಪ್ಪಿಸಿ, ಹೊಟ್ಟೆ ಕೊಯ್ಯಿಸಿಕೊಂಡು, ಈಗ ಮತ್ತೆ ತೂಕ ಏರಿದೆ ಅಂತ ಯಾವ ಮುಖ ಇಟ್ಟುಕೊಂಡು ಹೋಗಲಿ ಅನ್ನಿಸುತ್ತಿತ್ತು. ಒಂದು ಮದುವೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತವರು "ಆಪರೇಷನ್ ಮಾಡಿಸ್ಕೊಂಡ್ರೂ ಮತ್ತ ತುಂಬಕತ್ಯಾಳ ನೋಡು" ಅಂದದ್ದು ಕಿವಿಗೆ ಬಿದ್ದಿತ್ತು. ಅವತ್ತು ಊಟ ಮಾಡದೆ ಎದ್ದು ಬಂದೆ. ಮನೆಗೆ ಬಂದು ಡಬ್ಬಿ ತೆರೆದು ಚೂಡಾ ತಿಂದೆ.

ಕುಪ್ಪಸದ ಆ ವಾರವೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಸಬೂಬು ಹೇಳಲಿ ಅಂತ ಯೋಚನೆ. ಡಾಕ್ಟರ್ ಬೈಯಲೇ ಇಲ್ಲ. ಒಂದು ಹಾಳೆ ತೆಗೆದುಕೊಂಡು ಗೆರೆ ಎಳೆದರು, ಜೋರಾಗಿ ಇಳಿದು, ತಳ ಮುಟ್ಟಿ, ಮತ್ತೆ ನಿಧಾನಕ್ಕೆ ಸ್ವಲ್ಪ ಏರುವ ಗೆರೆ. ಹೆಚ್ಚಿನವರದ್ದು ಹೀಗೇ ಇರುತ್ತದೆ ಅಂದರು. ಸ್ವೀಡನ್ ದೇಶದಲ್ಲಿ 1987ರಿಂದ ಇಂಥ ಆಪರೇಷನ್ ಆದವರನ್ನು ವರ್ಷಾನುಗಟ್ಟಲೆ ಗಮನಿಸುತ್ತಾ ಬಂದಿದ್ದಾರಂತೆ. ಬೈಪಾಸ್ ಆದವರ ತೂಕ ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ನೂರಕ್ಕೆ 32ರಷ್ಟು ಇಳಿದಿತ್ತು, ಹತ್ತನೇ ವರ್ಷಕ್ಕೆ ಆ ಇಳಿಕೆ 25ಕ್ಕೆ ಬಂದು ನಿಂತಿತ್ತು. ಅಲ್ಲೇ ಮನಸ್ಸಿನಲ್ಲೇ ನನ್ನ ಲೆಕ್ಕ ಹಾಕಿದೆ. 118ರಿಂದ 84 ಅಂದರೆ ನೂರಕ್ಕೆ ಸುಮಾರು 29. ಎಲ್ಲಾ ಹಾಳು ಮಾಡಿಕೊಂಡೆ ಅಂತ ಎರಡು ವರ್ಷ ಅತ್ತಿದ್ದೆನಲ್ಲ, ಹಾಳಾಗಿರಲಿಲ್ಲ. ಆದರೆ ಗೆರೆ ಏರುತ್ತಾ ಇತ್ತು, ಅದನ್ನು ಅಲ್ಲಿಗೇ ನಿಲ್ಲಿಸಬೇಕಿತ್ತು. ಮೂರು ಕೆಜಿ ಏರಿದಾಗಲೇ ಹೋಗಿದ್ದರೆ ಎಷ್ಟು ಸಲೀಸಾಗುತ್ತಿತ್ತು! ಹದಿಮೂರರ ತನಕ ಕಾದೆ.

ಯಾಕೆ ಏರುತ್ತದೆ ಅನ್ನುವುದು ಅವತ್ತೇ ಸರಿಯಾಗಿ ಅರ್ಥವಾಯಿತು. ಬೈಪಾಸ್‌ನಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಒಂದು ಸಣ್ಣ ಚೀಲ ಮಾಡುತ್ತಾರೆ, ಸುಮಾರು 30 ಎಂಎಲ್, ಅಂದರೆ ಎರಡು ದೊಡ್ಡ ಚಮಚದಷ್ಟು. ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಮೊದಲ ವರ್ಷ ಹಸಿವೇ ಇರುವುದಿಲ್ಲ. ಕಾಲು ರೊಟ್ಟಿಗೆ ಸಾಕೆನಿಸುತ್ತದೆ. ಸಿಹಿ ತಿಂದರಂತೂ ಅದು ನೇರ ಕರುಳಿಗೆ ನುಗ್ಗಿ ಎದೆ ಹೊಡೆದುಕೊಳ್ಳುತ್ತದೆ, ಬೆವರು ಸುರಿಯುತ್ತದೆ, ಎಲ್ಲಾದರೂ ಮಲಗಿದರೆ ಸಾಕು ಅನ್ನಿಸುತ್ತದೆ. ಡಂಪಿಂಗ್ ಅನ್ನುತ್ತಾರೆ. ಅದರ ಹೆದರಿಕೆಗೇ ನಾನು ಸಿಹಿ ಮುಟ್ಟುತ್ತಿರಲಿಲ್ಲ. ವರ್ಷ ಕಳೆದಂತೆ ಚೀಲಕ್ಕೆ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಹಸಿವು ಮರಳಿ ಬರುತ್ತದೆ, ನನಗೆ ಆ ಡಂಪಿಂಗ್ ಕೂಡ ಕಡಿಮೆಯಾಯಿತು. ನಾಲ್ಕನೇ ವರ್ಷ ಯಾರೋ ಅಮೀನಗಡದ ಕರದಂಟು ತಂದಿದ್ದರು. ಅರ್ಧ ತುಂಡು ತಿಂದೆ, ಏನೂ ಆಗಲಿಲ್ಲ. ಇನ್ನರ್ಧ ತಿಂದೆ. ಅವತ್ತು ಖುಷಿಪಟ್ಟಿದ್ದೆ. ಇಳಿದ ದೇಹಕ್ಕೆ ಮೊದಲಿಗಿಂತ ಕಡಿಮೆ ಊಟ ಸಾಕಾಗುತ್ತದೆ ಅನ್ನುವುದು ಆಗ ತಲೆಗೆ ಹೋಗಿರಲಿಲ್ಲ.

ಏಳು ದಿನ ಬಾಯಿಗೆ ಹೋದದ್ದನ್ನೆಲ್ಲ ಬರೆದುಕೊಂಡು ಬನ್ನಿ ಅಂದರು. ಮಕ್ಕಳ ಹಳೆ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆದೆ. ಮೂರನೇ ದಿನಕ್ಕೇ ಬೆಚ್ಚಿಬಿದ್ದೆ. ನನ್ನ ಊಟದಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ. ಮಧ್ಯಾಹ್ನ ಒಂದು ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಮೊಸರು. ರಾತ್ರಿ ಅರ್ಧ ರೊಟ್ಟಿ, ಪುಂಡಿ ಪಲ್ಯ. ತೂಕ ಬಂದದ್ದು ತಟ್ಟೆಯ ಹೊರಗಿನಿಂದ. ಚಹಾ ದಿನಕ್ಕೆ ಐದು ಸಲ, ಒಂದೂವರೆ ಚಮಚ ಸಕ್ಕರೆ ಹಾಕಿ. ಚಹಾದ ಜೊತೆ ಟೋಸ್ಟ್. ಪೇಪರ್ ತಿದ್ದುವಾಗ ಚೂಡಾ. ಅಡುಗೆ ಮನೆಯಲ್ಲಿ ಹಾಗೇ ನಿಂತು ಒಂದು ಹಿಡಿ ಪುಟಾಣಿ.

ಇದರಲ್ಲಿ ಒಂದು ಸೂಕ್ಷ್ಮ ಇದೆ, ಆಪರೇಷನ್ ಆದವರು ಗಮನಿಸಬೇಕು. ರೊಟ್ಟಿ ಮತ್ತು ಕಾಳು ಆ ಸಣ್ಣ ಚೀಲದಲ್ಲಿ ತುಂಬ ಹೊತ್ತು ಕೂರುತ್ತವೆ, ಅದಕ್ಕೇ ಬೇಗ ಹೊಟ್ಟೆ ತುಂಬುತ್ತದೆ. ಚುರುಮುರಿ, ಟೋಸ್ಟ್, ಬಿಸ್ಕತ್ತು ಬಾಯಲ್ಲೇ ಕರಗಿ ಸುಮ್ನೆ ಜಾರಿ ಹೋಗುತ್ತವೆ. ಮೇಲೆ ಚಹಾ ಕುಡಿದರೆ ಇನ್ನೂ ಬೇಗ. ಒಂದು ಬಟ್ಟಲು ಚೂಡಾ ತಿಂದರೂ ಹೊಟ್ಟೆ ತುಂಬಿದ ಹಾಗೆ ಅನ್ನಿಸುವುದಿಲ್ಲ. ಊಟಕ್ಕೂ ನೀರಿಗೂ ನಡುವೆ ಅರ್ಧ ಗಂಟೆ ಬಿಡಿ ಅಂತ ಮೊದಲ ದಿನವೇ ಹೇಳಿದ್ದು ಇದಕ್ಕೇ. ನಾನು ಎರಡನೇ ವರ್ಷಕ್ಕೇ ಅದನ್ನು ಬಿಟ್ಟುಬಿಟ್ಟಿದ್ದೆ.

ಗಣಿತದವಳಲ್ವಾ, ಲೆಕ್ಕ ಹಾಕದೆ ಇರಲಾಗಲಿಲ್ಲ. ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಅನ್ನುತ್ತಾರೆ. 13 ಕೆಜಿಗೆ ಒಂದು ಲಕ್ಷ. ನಾಲ್ಕು ವರ್ಷದ 1460 ದಿನಕ್ಕೆ ಹಂಚಿದರೆ ದಿನಕ್ಕೆ 70ರ ಒಳಗೆ. ದೇಹ ಇಷ್ಟು ನೇರ ಲೆಕ್ಕದಲ್ಲಿ ನಡೆಯುವುದಿಲ್ಲ, ಇದು ಒರಟು ಲೆಕ್ಕ. ಆದರೂ ಆ ಸಂಖ್ಯೆ ನೋಡಿ ತುಂಬ ಹೊತ್ತು ಸುಮ್ಮನೆ ಕೂತೆ. ಸಕ್ಕರೆ ಹಾಕಿದ ಒಂದು ಕಪ್ ಚಹಾದಷ್ಟು. ಇಷ್ಟು ಸಣ್ಣದು ಯಾರ ಕಣ್ಣಿಗೂ ಬೀಳುವುದಿಲ್ಲ, ತಿಂದವರ ಕಣ್ಣಿಗೂ.

ಶೇಂಗಾ ಹಿಂಡಿಯ ವಿಷಯವೂ ಹೇಳಬೇಕು. ದಿನಕ್ಕೆ 60ರಿಂದ 80 ಗ್ರಾಂ ಪ್ರೊಟೀನ್ ಬೇಕು ಅಂತ ಹೇಳಿದ್ದರು. ನಾವು ಮೊಟ್ಟೆ, ಮಾಂಸ ತಿನ್ನುವವರಲ್ಲ. ಶೇಂಗಾದಲ್ಲಿ ಪ್ರೊಟೀನ್ ಇದೆಯಲ್ಲ ಅಂತ ಪ್ರತಿ ಊಟಕ್ಕೂ ಹಿಂಡಿ ಹಾಕಿಕೊಂಡು ಮೇಲೆ ಎಣ್ಣೆ ಬಿಟ್ಟುಕೊಳ್ಳುತ್ತಿದ್ದೆ. ಶೇಂಗಾದ ತೂಕದಲ್ಲಿ ಕಾಲು ಭಾಗ ಪ್ರೊಟೀನ್, ಸುಮಾರು ಅರ್ಧ ಭಾಗ ಎಣ್ಣೆ. ಹಿಂಡಿ ಬಿಟ್ಟಿಲ್ಲ, ಬಿಡುವುದೂ ಇಲ್ಲ, ಅದಿಲ್ಲದೆ ರೊಟ್ಟಿ ಹೇಗೆ ಇಳಿಯಬೇಕು! ಆದರೆ ಈಗ ಒಂದು ಚಮಚ, ಎಣ್ಣೆ ಬದಲು ಮೊಸರು. ಪ್ರೊಟೀನಿಗೆ ಸೋಯಾ ಉಂಡೆ ಹಿಡಿದಿದ್ದೇನೆ, ಒಣಗಿದ 30 ಗ್ರಾಂನಲ್ಲೇ 15 ಗ್ರಾಂ ಸಿಗುತ್ತದೆ, ಬದನೆಕಾಯಿ ಎಣ್ಣೆಗಾಯಿಯ ಮಸಾಲೆಯಲ್ಲೇ ಬೇಯಿಸಿದರೆ ಮನೆಯವರೂ ತಿನ್ನುತ್ತಾರೆ. ಮೊಳಕೆ ಹೆಸರು, ಪನೀರು, ಬೆಳಿಗ್ಗೆ ಮಜ್ಜಿಗೆಯಲ್ಲಿ ಪ್ರೊಟೀನ್ ಪುಡಿ. ತಟ್ಟೆಯಲ್ಲಿ ಮೊದಲು ಕಾಳು, ಆಮೇಲೆ ತರಕಾರಿ, ರೊಟ್ಟಿ ಕೊನೆಗೆ.

ಕಷ್ಟ ಅಂದರೆ ಪಂಚಮಿ. ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ನಮ್ಮ ಕಡೆ ಪಂಚಮಿಗೆ ತವರಿನಿಂದ ಉಂಡಿ ಬರುತ್ತದೆ, ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಬೇಸನ್ ಉಂಡಿ, ದೊಡ್ಡ ಡಬ್ಬಿ ತುಂಬ. ನನ್ನ ಅವ್ವನಿಗೆ ಈಗ ಎಪ್ಪತ್ತೆಂಟು. ಕೈ ನಡುಗುತ್ತದೆ, ಆದರೂ ಉಂಡಿ ತಾನೇ ಕಟ್ಟುತ್ತಾಳೆ. ಬೇಡ ಅನ್ನುವುದು ಹೇಗೆ? ಮೊದಲೆಲ್ಲ ಡಬ್ಬಿ ನಮ್ಮ ಅಡುಗೆ ಮನೆಯಲ್ಲೇ ಇಪ್ಪತ್ತು ದಿನ ಇರುತ್ತಿತ್ತು. ಒಂದು ಶೇಂಗಾ ಉಂಡಿ ತೂಗಿ ನೋಡಿದೆ, 55 ಗ್ರಾಂ, ಒಂದು ಊಟಕ್ಕೆ ಸಮ. ಈಗ ಅವ್ವನಿಗೆ ಎಲ್ಲಾ ಬಿಡಿಸಿ ಹೇಳಿದ್ದೇನೆ. ಹೋದ ವರ್ಷ ನಿಂಬೆಹಣ್ಣಿಗಿಂತ ಚಿಕ್ಕ ಉಂಡಿ ಐದು ಕಟ್ಟಿ ಬೇರೆ ಬಟ್ಟಲಲ್ಲಿ ಕಳಿಸಿದ್ದಳು, ಮೇಲೆ ಚೀಟಿ, "ಇವು ನಿನಗ". ದಿನಕ್ಕೆ ಒಂದರಂತೆ ಐದು ದಿನ ಕೂತು ನಿಧಾನಕ್ಕೆ ತಿಂದೆ. ಉಳಿದದ್ದು ಸ್ಟಾಫ್ ರೂಮಿಗೆ ಹೋಯಿತು.

ಮಾತ್ರೆಯ ವಿಷಯದಲ್ಲಿ ಮಾಡಿದ ತಪ್ಪು ತೂಕಕ್ಕಿಂತ ದೊಡ್ಡದು. ಕಬ್ಬಿಣ, ಕ್ಯಾಲ್ಸಿಯಂ ಹೀರಿಕೊಳ್ಳುವ ಕರುಳಿನ ಮೊದಲ ಭಾಗವನ್ನೇ ಊಟ ದಾಟಿ ಹೋಗುತ್ತದೆ, ಬಿ12 ಕೂಡ ಸರಿಯಾಗಿ ಸೇರುವುದಿಲ್ಲ. ಹಾಗಾಗಿ ಮಾತ್ರೆ, ಇಂಜೆಕ್ಷನ್ ಜೀವನಪೂರ್ತಿ. ನಾನು ಚೆನ್ನಾಗಿದ್ದೇನಲ್ಲ ಅಂತ ಮೂರನೇ ವರ್ಷ ನಿಲ್ಲಿಸಿಬಿಟ್ಟೆ. ಬಿ12 ದೇಹದಲ್ಲಿ ವರ್ಷಗಟ್ಟಲೆ ದಾಸ್ತಾನು ಇರುತ್ತದೆ, ಹಾಗಾಗಿ ಕೂಡಲೇ ಗೊತ್ತಾಗುವುದಿಲ್ಲ. ಅಂಗೈ, ಅಂಗಾಲು ಜುಮ್ಮೆನ್ನುತ್ತಿದ್ದವು, ಸೀಮೆಸುಣ್ಣ ಕೈಯಿಂದ ಜಾರುತ್ತಿತ್ತು, ಎರಡನೇ ಮಹಡಿ ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 9.1 ಇತ್ತು. ಸುಸ್ತಿಗೆ ಚಹಾ ಕುಡಿಯುತ್ತಿದ್ದೆ, ಚಹಾ ಇದ್ದ ಕಬ್ಬಿಣವನ್ನೂ ಸೇರಲು ಬಿಡುತ್ತಿರಲಿಲ್ಲ. ಈಗ ಕಬ್ಬಿಣದ ಮಾತ್ರೆ ಬೆಳಿಗ್ಗೆ, ಕ್ಯಾಲ್ಸಿಯಂ ಸಿಟ್ರೇಟ್ ಮಧ್ಯಾಹ್ನ ಮತ್ತು ರಾತ್ರಿ, ಎರಡರ ನಡುವೆ ಎರಡು ಗಂಟೆಗೂ ಜಾಸ್ತಿ ಅಂತರ. ರಕ್ತ ಪರೀಕ್ಷೆ ಆರು ತಿಂಗಳಿಗೊಮ್ಮೆ. ಇನ್ನೊಂದು ಮಾತು. ಬೈಪಾಸ್ ಆಗಿದೆ ಅಂದರೆ ಊರಲ್ಲಿ ಎಲ್ಲರೂ ಹಾರ್ಟ್ ಬೈಪಾಸ್ ಅಂದುಕೊಳ್ಳುತ್ತಾರೆ. ಮೊಣಕಾಲು ನೋವಿಗೆ ಹೋದಾಗ ಹಾಗೇ ತಿಳಿದು ನೋವಿನ ಮಾತ್ರೆ ಬರೆದುಕೊಟ್ಟಿದ್ದರು. ನಮಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದವು ಆಗುವುದಿಲ್ಲ, ಹೊಟ್ಟೆಯ ಜೋಡಣೆಯಲ್ಲಿ ಹುಣ್ಣಾಗುತ್ತದೆ. "ಹೊಟ್ಟೆಯ ಬೈಪಾಸ್" ಅಂತ ಬರೆದ ಚೀಟಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ, ನೀವೂ ಇಟ್ಟುಕೊಳ್ಳಿ.

ವಾಕಿಂಗ್ ದಿನಾ ಇದೆ. ಆಲಮಟ್ಟಿ ಹಿನ್ನೀರಿನಿಂದ ಮನೆ ಕಳೆದುಕೊಂಡವರಿಗೆ ಅಂತ ಕಟ್ಟಿದ ನವನಗರದಲ್ಲಿ ರಸ್ತೆಗಳು ಅಗಲವಾಗಿವೆ, ಬೆಳಿಗ್ಗೆ ಐದೂವರೆಗೆ ಹೊರಟರೆ ಬಿಸಿಲು ಏರುವ ಮೊದಲು ಮೂರು ಸೆಕ್ಟರ್ ಸುತ್ತಿ ಬರಬಹುದು. ಆದರೆ ಬರೀ ನಡೆದರೆ ಸಾಲದು. ತೂಕ ಇಳಿಯುವಾಗ ಮಾಂಸಖಂಡವೂ ಇಳಿಯುತ್ತದೆ, ಅದನ್ನು ಉಳಿಸಲು ವಾರಕ್ಕೆ ಮೂರು ದಿನ ಮನೆಯಲ್ಲೇ ಡಂಬೆಲ್ ಎತ್ತುತ್ತೇನೆ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುತ್ತೇನೆ. ಮೊದಲ ದಿನ ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಈಗ ಅವರೂ ಪಕ್ಕದ ಕುರ್ಚಿಯಲ್ಲಿ ಹತ್ತು ಸಲ ಎದ್ದು ಕೂರುತ್ತಾರೆ.

2025ರಲ್ಲಿ ಮೌಂಜಾರೊ, ವೆಗೋವಿ ಅನ್ನುವ ತೂಕ ಇಳಿಸುವ ಚುಚ್ಚುಮದ್ದುಗಳು ನಮ್ಮ ದೇಶಕ್ಕೂ ಬಂದವು. ಆಪರೇಷನ್ ಆದ ಮೇಲೆ ತೂಕ ಮರಳಿದವರಿಗೂ ಡಾಕ್ಟರುಗಳು ಕೊಡುತ್ತಾರೆ. ನನಗೆ ಸದ್ಯಕ್ಕೆ ಬೇಡ ಅಂದಿದ್ದಾರೆ. ಬೇಕು ಅಂದರೆ ತೆಗೆದುಕೊಳ್ಳುತ್ತೇನೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮಷಿನ್ ಈಗ ಬಚ್ಚಲು ಮನೆ ಬಾಗಿಲ ಪಕ್ಕ ಇದೆ. ಪ್ರತಿ ಸೋಮವಾರ ಹತ್ತಿ ಬರೆದಿಡುತ್ತೇನೆ. 79 ಆದರೆ ಅದೇ ವಾರ ಹುಬ್ಬಳ್ಳಿಗೆ ಫೋನ್, ಹಾಗಂತ ಮನೆಯವರಿಗೂ ಹೇಳಿಟ್ಟಿದ್ದೇನೆ. ಹಸಿರು ಕುಪ್ಪಸವನ್ನು 2022ರಲ್ಲಿ ಅರ್ಧ ಇಂಚು ಬಿಚ್ಚಿಸಿ ಹಾಕಿಕೊಂಡಿದ್ದೆ, ಹೋದ ವರ್ಷ ಮತ್ತೆ ಕಾಲು ಇಂಚು ಹಿಡಿಸಿದೆ. ಒಳಗೆ ಹಳೆ ಹೊಲಿಗೆಯ ತೂತುಗಳು ಎರಡು ಸಾಲಾಗಿ ಕಾಣುತ್ತವೆ. ಬಿಟ್ಟ ಬಟ್ಟೆ ಹಾಗೇ ಇದೆ.

ಇವತ್ತು ಸಂಜೆ ಜಮಖಂಡಿಗೆ ಮತ್ತೆ ಫೋನ್ ಮಾಡಬೇಕು, ಇದನ್ನೆಲ್ಲ ಅವಳಿಗೆ ಬಾಯಲ್ಲೇ ಹೇಳಬೇಕು, ಓದಿದರೆ ಹೆದರಿಬಿಟ್ಟಾಳು. ಅವಳ ಆಪರೇಷನ್ ದಿನ ನಾನೂ ಹುಬ್ಬಳ್ಳಿಗೆ ಹೋಗುತ್ತಿದ್ದೇನೆ. ನನ್ನ ರಕ್ತ ಪರೀಕ್ಷೆಯೂ ಅದೇ ವಾರ ಇದೆ, ಎರಡೂ ಒಟ್ಟಿಗೇ ಆಗುತ್ತದೆ.