ಉಸಿರು ಎಣಿಸುವ ಪ್ಯಾಚ್ ಜೊತೆ ರಾತ್ರಿ ಡ್ಯೂಟಿ

ಆಪರೇಷನ್ ಆದವರನ್ನು ಮೊದಲ ಒಂದೆರಡು ದಿನ ಇಡುವ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್. ನಮ್ಮಲ್ಲಿ ಈಗ ಹೆಚ್ಚಿನ ಬೆಡ್‌ಗಳಿಗೆ ವೈರ್ ಇಲ್ಲದ ಪ್ಯಾಚ್ ಬಂದಿದೆ. ಎದೆಗೆ ಅಂಟಿಸಿದರೆ ನಾಡಿ, ಉಸಿರು ಎರಡೂ ನರ್ಸಿಂಗ್ ಸ್ಟೇಷನ್ನಿನ ಟ್ಯಾಬ್‌ನಲ್ಲಿ ಕಾಣುತ್ತವೆ. ಆನ್ ಮಾಡುವುದು, ಪೇಷಂಟ್ ಹೆಸರು ಹಾಕುವುದು ಇದನ್ನೆಲ್ಲ ಹೊಸ ಸಿಸ್ಟರ್‌ಗಳು ಬೇಗ ಕಲಿಯುತ್ತಾರೆ. ಅದು ತೋರಿಸುವ ನಂಬರನ್ನು ಹೇಗೆ ಓದಬೇಕು ಅನ್ನುವುದನ್ನು ಮಾತ್ರ ಯಾರೂ ಕೂತು ಹೇಳಿಕೊಡುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಪ್ಯಾಚ್ ನಮಗೆ ನಿಜವಾಗಿಯೂ ಬೇಕಿತ್ತು. ಬಿಪಿ, ಜ್ವರ, ಸ್ಯಾಚುರೇಷನ್ (ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅನ್ನುವುದು) ಎಲ್ಲದಕ್ಕೂ ವಾರ್ಡಿನಲ್ಲಿ ಮೆಷಿನ್ ಇದೆ. ಉಸಿರನ್ನು ಮಾತ್ರ ಕಣ್ಣಲ್ಲಿ ನೋಡಿ ಎಣಿಸಬೇಕು, ಅದೂ ಪೂರ್ತಿ ಒಂದು ನಿಮಿಷ. ಕೈತುಂಬ ಕೆಲಸ ಇದ್ದಾಗ ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ ಬರೆಯುವುದೇ ಜಾಸ್ತಿ. ಹಾಗೆ ಮಾಡಿದರೆ ಉತ್ತರ 12, 16, 20, 24 ಇವುಗಳಲ್ಲೇ ಸುತ್ತುತ್ತದೆ. ಒಂದು ಉಸಿರು ತಪ್ಪಿದರೆ ನಾಲ್ಕು ತಪ್ಪಿದ ಹಾಗೆ. ಆದರೆ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ನ್ಯೂಸ್ (NEWS) ಸ್ಕೋರ್ ನೋಡಿ. ಪೇಷಂಟ್ ಸ್ಥಿತಿ ಕೆಡುತ್ತಿದೆಯೇ ಅಂತ ಅಂಕ ಹಾಕಿ ನೋಡುವ ಪಟ್ಟಿ ಅದು, ಅಂಕ ಏರಿದಷ್ಟೂ ಅಪಾಯ ಹೆಚ್ಚು. ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20 ಇದ್ದರೆ ಸೊನ್ನೆ ಅಂಕ. 21 ಆದರೆ ಒಮ್ಮೆಲೇ ಎರಡು ಅಂಕ. 25 ಮುಟ್ಟಿದರೂ ಮೂರು, 8ಕ್ಕೆ ಇಳಿದರೂ ಮೂರು. ಬರೀ ಒಂದು ಉಸಿರಿಗೆ ಇಷ್ಟು ವ್ಯತ್ಯಾಸ ಆಗುವಾಗ ಅಂದಾಜಿನ ಲೆಕ್ಕ ಸಾಕಾಗುವುದಿಲ್ಲ, ಅಲ್ವಾ?

ಆದರೆ ಪ್ಯಾಚ್ ಎಣಿಸುವುದು ಏನನ್ನು? ಇದು ಗೊತ್ತಿಲ್ಲದೆ ಅದನ್ನು ನಂಬಬಾರದು. ಕೆಲವು ಪ್ಯಾಚ್‌ಗಳಲ್ಲಿ ನಮ್ಮ ಮೊಬೈಲಿನಲ್ಲಿ ಇರುವಂಥದ್ದೇ ಸಣ್ಣ ಆಕ್ಸೆಲೆರೋಮೀಟರ್, ಅಂದರೆ ಅಲುಗಾಟ ಅಳೆಯುವ ಸೆನ್ಸರ್ ಇರುತ್ತದೆ. ಪಕ್ಕೆಲುಬು ಏಳುವುದು, ಇಳಿಯುವುದು ಅದಕ್ಕೆ ತಿಳಿಯುತ್ತದೆ. ಇನ್ನು ಕೆಲವು ಪೇಷಂಟಿಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟನ್ನು ಎದೆಯ ಮೂಲಕ ಹಾಯಿಸುತ್ತವೆ. ಶ್ವಾಸಕೋಶದಲ್ಲಿ ಗಾಳಿ ತುಂಬಿ ಎದೆ ಹಿಗ್ಗಿದಾಗ ಕರೆಂಟಿಗೆ ತಡೆ ಹೆಚ್ಚುತ್ತದೆ, ಉಸಿರು ಬಿಟ್ಟಾಗ ಕಡಿಮೆಯಾಗುತ್ತದೆ. ಯಾವ ಬಗೆಯಾದರೂ ಅದು ನೋಡುವುದು ಎದೆಯ ಏರಿಳಿತವನ್ನು. ಮೂಗಿನಲ್ಲಿ ಗಾಳಿ ಹೋಗಿ ಬರುತ್ತಿದೆಯೋ ಇಲ್ಲವೋ ಅನ್ನುವುದು ಅದಕ್ಕೆ ಕಾಣುವುದಿಲ್ಲ.

ಒಂದು ರಾತ್ರಿ ಇದು ಕಣ್ಣಮುಂದೆಯೇ ನಡೆಯಿತು. ಹರ್ನಿಯಾ ಆಪರೇಷನ್ ಆದ ಯಜಮಾನರು, ದಪ್ಪ ಮೈ, ಗಿಡ್ಡ ಕುತ್ತಿಗೆ. ನೋವಿಗೆ ಇಂಜೆಕ್ಷನ್ ಕೊಟ್ಟಿತ್ತು, ಆಕ್ಸಿಜನ್ ಮಾಸ್ಕ್ ಹಾಕಿತ್ತು. ಟ್ಯಾಬ್‌ನಲ್ಲಿ ಉಸಿರು 14, ಸ್ಯಾಚುರೇಷನ್ ಮೆಷಿನ್ನಿನಲ್ಲಿ 97. ನಾನು ರೌಂಡ್ಸಿಗೆ ಹೋದಾಗ ಪಕ್ಕದಲ್ಲಿ ಕೂತಿದ್ದ ಮಗಳು, "ಅಪ್ಪ ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ ಸಿಸ್ಟರ್, ಗೊರಕೆ ಕೇಳ್ತಿದೆ ನೋಡಿ" ಅಂದರು. ಗೊರಕೆ ಕೇಳುತ್ತಿತ್ತು, ಆಮೇಲೆ ತಟ್ಟನೆ ನಿಲ್ಲುತ್ತಿತ್ತು. ಹೊದಿಕೆ ಸರಿಸಿ ನೋಡಿದೆ. ಹೊಟ್ಟೆ ಉಬ್ಬುವಾಗ ಎದೆ ಒಳಗೆ ಹೋಗುತ್ತಿತ್ತು, ಎದೆ ಏಳುವಾಗ ಹೊಟ್ಟೆ ತಗ್ಗುತ್ತಿತ್ತು. ಮಾಸ್ಕ್ ಸ್ವಲ್ಪ ಎತ್ತಿ ಮೂಗಿನ ಹತ್ತಿರ ಅಂಗೈ ಹಿಡಿದೆ. ಕೈಗೆ ಗಾಳಿ ತಾಗಲಿಲ್ಲ. ಸುಮಾರು ಹೊತ್ತಾದ ಮೇಲೆ ದೊಡ್ಡದಾಗಿ ಗೊರ್ ಅಂತ ಒಂದು ಉಸಿರು ಬಂತು. ಗಂಟಲಲ್ಲಿ ದಾರಿ ಮುಚ್ಚಿ ಗಾಳಿ ಒಳಗೆ ಹೋಗದಿದ್ದರೂ ಅಷ್ಟು ಹೊತ್ತೂ ಎದೆ ಆಡುತ್ತಲೇ ಇತ್ತು, ಪ್ಯಾಚ್ ಅದನ್ನೇ ಎಣಿಸುತ್ತಿತ್ತು.

ದವಡೆ ಎತ್ತಿ ಹಿಡಿದೆ, ತಲೆಯ ಕಡೆ ಬೆಡ್ ಏರಿಸಿದೆವು, ಪಕ್ಕಕ್ಕೆ ಮಲಗಿಸಿದೆವು, ಡ್ಯೂಟಿ ಡಾಕ್ಟರನ್ನು ಕರೆದೆವು. ಅವರು ಬಂದು ನೋಡಿ ನೋವಿನ ಔಷಧಿ ಬದಲಿಸಿದರು. ಸ್ಯಾಚುರೇಷನ್ ಯಾಕೆ ಇಳಿದಿರಲಿಲ್ಲ ಅಂದರೆ, ಆಕ್ಸಿಜನ್ ಕೊಡುತ್ತಿರುವಾಗ ಅದು ತಡವಾಗಿ ಇಳಿಯುತ್ತದೆ. ಅಷ್ಟರಲ್ಲಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಾ ಹೋಗಿರಬಹುದು. ನಿದ್ದೆಯ ಪರೀಕ್ಷೆ ಮಾಡುವವರು ಎದೆಗೊಂದು, ಹೊಟ್ಟೆಗೊಂದು ಬೆಲ್ಟ್ ಕಟ್ಟಿ, ಅದು ಸಾಲದು ಅಂತ ಮೂಗಿಗೂ ನಳಿಕೆ ಇಡುವುದು ಇದಕ್ಕೇ. ದೊಡ್ಡವರಲ್ಲಿ ಗಾಳಿ 10 ಸೆಕೆಂಡ್ ನಿಂತರೆ ಅದನ್ನು ಆಪ್ನಿಯಾ ಅಂತ ಲೆಕ್ಕ ಹಿಡಿಯುತ್ತಾರೆ.

ಹೊಟ್ಟೆಯ ಆಪರೇಷನ್ ಆದವರದ್ದು ಬೇರೆ ಕಥೆ. ನೋವಿಗೆ ಹೆದರಿ ಮೇಲೆಮೇಲೆ ಸಣ್ಣ ಉಸಿರು ತೆಗೆದುಕೊಳ್ಳುತ್ತಾರೆ. ಪ್ಯಾಚ್ ಎಷ್ಟು ಸಲ ಅಂತ ಹೇಳುತ್ತದೆ, ಎಷ್ಟು ಆಳ ಅಂತ ಹೇಳುವುದಿಲ್ಲ. ಅದಕ್ಕೆ ಹತ್ತಿರ ನಿಂತು ನೋಡಲೇಬೇಕು.

ಅಂಟಿಸುವ ಕೆಲಸವನ್ನೂ ಹಗುರವಾಗಿ ನೋಡಬೇಡಿ. ಎಷ್ಟೋ ಜನ ಮೈಗೆ ಎಣ್ಣೆ ಹಚ್ಚಿಕೊಂಡಿರುತ್ತಾರೆ, ಇಲ್ಲವೇ ಬೆವರಿರುತ್ತಾರೆ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ಕೂದಲಿದ್ದರೆ ಟ್ರಿಮ್ ಮಾಡಿ, ಬ್ಲೇಡ್ ಬೇಡ, ಚರ್ಮ ಗೀರುತ್ತದೆ. ಅಂಚು ಎದ್ದರೆ ನಂಬರ್ ಕುಣಿಯುತ್ತದೆ. ಪೇಷಂಟ್ ಮಾತಾಡುವಾಗ, ಕೆಮ್ಮುವಾಗ, ಬಾತ್‌ರೂಮಿಗೆ ನಡೆಯುವಾಗ ಬಂದ ನಂಬರನ್ನು ಚಾರ್ಟಿಗೆ ಹಾಕಬೇಡಿ. ಅವರು ಸುಮ್ನೆ ಮಲಗಿ ಸ್ವಲ್ಪ ಹೊತ್ತಾಗಲಿ.

ಟ್ಯಾಬ್‌ನಲ್ಲಿ ನಂಬರ್ ಬದಲು ಗೀಟು ಬರುವುದೂ ಇದೆ. ನಮ್ಮ ಪ್ಯಾಚ್ ಬ್ಲೂಟೂತ್‌ನಲ್ಲಿ ಮಾತಾಡುತ್ತದೆ, 2.4 ಗಿಗಾಹರ್ಟ್ಸ್. ನಮ್ಮ ಮೈಯಲ್ಲಿ ಹೆಚ್ಚು ಇರುವುದು ನೀರು, ಅದು ಈ ಸಿಗ್ನಲನ್ನು ಹೀರಿಕೊಳ್ಳುತ್ತದೆ. ಪೇಷಂಟ್ ಪ್ಯಾಚ್ ಮೇಲೆಯೇ ಮಗ್ಗುಲಾಗಿ ಮಲಗಿದರೆ ಗೀಟು ಬಂತು ಅಂತಲೇ. ಉಸಿರು ನಿಂತಿದೆ ಅಂತ ಗಾಬರಿ ಬೇಡ. ಹಾಗಂತ ಎಲ್ಲ ಸರಿ ಇದೆ ಅಂತಲೂ ಕೂರಬೇಡಿ. ಎದ್ದು ಹೋಗಿ ನೋಡಿ.

ಇಷ್ಟೆಲ್ಲ ಹೇಳಿದ ಮೇಲೂ ಈ ಸೆನ್ಸರ್‌ಗಳ ಮೇಲೆ ನನಗೆ ತುಂಬ ಆಸೆ ಇದೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಮೈಯಿಂದ ಟೇಪ್ ಕೀಳುವಾಗ ಚರ್ಮವೇ ಕಿತ್ತು ಬರುತ್ತದೆ, ನೋಡುವುದು ಕಷ್ಟ. ಅಮೆರಿಕದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯ ಜಾನ್ ರೋಜರ್ಸ್ ಅವರ ತಂಡ 2019ರಲ್ಲಿ ಎದೆಗೊಂದು, ಪಾದಕ್ಕೊಂದು ತೆಳ್ಳನೆಯ ವೈರ್ ಇಲ್ಲದ ಸೆನ್ಸರ್ ಮಾಡಿ ತೋರಿಸಿತು. ವೈರ್ ಇಲ್ಲದಿದ್ದರೆ ತಾಯಿ ಮಗುವನ್ನು ಎದೆಗೆ ಒತ್ತಿ ಹಿಡಿದುಕೊಳ್ಳುವುದು ಎಷ್ಟು ಸುಲಭ!

ನಮ್ಮ ವಾರ್ಡಿನಲ್ಲಿ ಈಗ ಪ್ರತಿ ಶಿಫ್ಟಿನ ಶುರುವಿನಲ್ಲಿ ಒಂದು ಸಲ ಪೂರ್ತಿ ನಿಮಿಷ ಕಣ್ಣಲ್ಲಿ ಎಣಿಸಿ, ಪ್ಯಾಚಿನ ನಂಬರ್ ಪಕ್ಕ ಬರೆಯುತ್ತೇವೆ. ಎರಡೂ ಹೊಂದದಿದ್ದರೆ ಪ್ಯಾಚ್ ತೆಗೆದು ಬೇರೆ ಅಂಟಿಸುತ್ತೇವೆ. ಗೊರಕೆ ಹೊಡೆಯುವವರು, ನೋವಿನ ಇಂಜೆಕ್ಷನ್ ತೆಗೆದುಕೊಂಡವರು, ಆಕ್ಸಿಜನ್ ಮೇಲಿರುವವರು ಯಾರು ಅಂತ ಹ್ಯಾಂಡೋವರ್‌ನಲ್ಲಿ ಹೆಸರು ಹಿಡಿದು ಹೇಳುತ್ತೇವೆ. ಜೊತೆಗೆ ಇರುವ ಮನೆಯವರಿಗೂ ಹೇಳುತ್ತೇವೆ: "ಗೊರಕೆ ನಿಂತು ನಿಂತು ಬಂದ್ರೆ, ಟ್ಯಾಬ್‌ನಲ್ಲಿ ಏನೇ ಇರಲಿ, ನಮ್ಮನ್ನ ಕರೀರಿ."